ಮದುವೆ ಪತ್ರಿಕೆಗೆ ಮಿಂಚಿನ ಎಳೆ

ಕೆಲವರು ಕೈ ಹಾಕಿದ ಕೆಲಸ ಸದ್ದಿಲ್ಲದೆ ಮುಗಿದುಹೋಗುತ್ತದೆ. ನನ್ನದು ಹಾಗಲ್ಲ. ನಾನು ಒಂದು ಕಾಗದ ಮಡಿಸಿದರೂ ಸಾಕು, ನಾಲ್ಕು ಮನೆಯವರ ಎದೆ ಧಸಕ್ಕೆನ್ನಬೇಕು. ನಾನೇನು ಬೇಕಂತ ಮಾಡುವುದಿಲ್ಲ. ಅವರಿಗಿಂತ ಮೊದಲು ನನ್ನದೇ ಎದೆ ಧಸಕ್ಕೆಂದಿರುತ್ತದೆ, ಅದು ಮಾತ್ರ ಯಾರಿಗೂ ಕಾಣುವುದಿಲ್ಲ.

ಶಿಕಾರಿಪುರದಲ್ಲಿ ಮನೆಯಲ್ಲೇ ಕೂತು ಕಾರ್ಡು ಮಾಡುವುದು ನನ್ನ ಕೆಲಸ. ಹುಟ್ಟುಹಬ್ಬ, ನಾಮಕರಣ, ಗೃಹಪ್ರವೇಶ, ಯಾವುದಕ್ಕೆ ಬೇಕಾದರೂ ಮಾಡುತ್ತೇನೆ. ಬಸ್ ಸ್ಟ್ಯಾಂಡ್ ಹತ್ತಿರದ ಫ್ಯಾನ್ಸಿ ಸ್ಟೋರಿನವರು ಇಟ್ಟುಕೊಂಡು ಮಾರಿಕೊಡುತ್ತಾರೆ. ನಮ್ಮ ಯಜಮಾನರಿಗೆ ಬೀಜ-ಗೊಬ್ಬರದ ಅಂಗಡಿ. ನಾನು ಕತ್ತರಿ, ಅಂಟು, ರಟ್ಟು ಹರವಿಕೊಂಡು ಕೂತರೆ ಅವರು ಅದನ್ನು ದಾಟಿಕೊಂಡು ಹೋಗುತ್ತಾರೆ, ಒಂದು ಮಾತೂ ಆಡುವುದಿಲ್ಲ. ಈ ಮದುವೆ ಬರುವವರೆಗೆ ನಮ್ಮ ಸಂಸಾರ ಹಾಗೆ ಚೆನ್ನಾಗಿಯೇ ಇತ್ತು.

ನನ್ನ ಬಾಯಿ

ನಾದಿನಿಗೆ ಸೊರಬದ ಕಡೆ ಸಂಬಂಧ ಗೊತ್ತಾಯಿತು. ಒಳ್ಳೆಯ ಮನೆ, ಒಳ್ಳೆಯ ಹುಡುಗ, ಹುಡುಗ-ಹುಡುಗಿ ಇಬ್ಬರೂ ಒಪ್ಪಿ ಆಗಲೇ ಫೋನಿನಲ್ಲಿ ನಗುತ್ತಾ ಕೂರುವಷ್ಟು ಮುಂದೆ ಹೋಗಿದ್ದರು. ತೊಡಕು ಅಂದರೆ ಒಂದೇ, ಹುಡುಗನ ಅಜ್ಜಿ.

ಆ ಮನೆಯಲ್ಲೊಂದು ಪದ್ಧತಿ. ಹೆಣ್ಣಿನ ಕಡೆಯವರು ಮೊದಲ ಪತ್ರಿಕೆಯನ್ನು ಕೈಯಲ್ಲೇ ಮಾಡಿ ತರಬೇಕು. ಮನೆಯ ಹಿರಿಯ ಹೆಂಗಸು ಅದನ್ನು ದೇವರ ಮುಂದಿಟ್ಟು ನಾಲ್ಕು ಮೂಲೆಗೂ ಒದ್ದೆ ಅರಿಶಿನ ಹಚ್ಚಿ ‘ಒಪ್ಪಿದೆ’ ಅನ್ನಬೇಕು. ಆಮೇಲೇ ಪತ್ರಿಕೆ ಪ್ರೆಸ್ಸಿಗೆ ಹೋಗುವುದು. ಹೋದ ಸಲ ದೊಡ್ಡ ಮೊಮ್ಮಗನ ಮದುವೆಯಲ್ಲಿ ಹಾಳು ಕಾಗದ ಅರಿಶಿನದ ನೀರು ಕುಡಿದು ದೇವರ ಹೆಸರಿನ ಮೇಲೆಲ್ಲ ಹರಡಿಕೊಂಡಿತಂತೆ. ಅಜ್ಜಿ ಶಕುನ ಸರಿಯಿಲ್ಲ ಅಂತ ಮದುವೆಯನ್ನೇ ಮುಂದಿನ ವರ್ಷಕ್ಕೆ ತಳ್ಳಿಸಿದರಂತೆ. ಇದನ್ನು ನಿಶ್ಚಿತಾರ್ಥದ ದಿನ ಊಟದ ಎಲೆಯ ಮುಂದೆ ಕೂತು ಅವರೇ ಹೇಳಿದರು, ಹೇಳಿ ನಮ್ಮ ನಾದಿನಿಯ ಮುಖ ನೋಡಿದರು. ಹುಡುಗಿಯ ಕೈಯಲ್ಲಿದ್ದ ಹೋಳಿಗೆ ಅಲ್ಲೇ ನಿಂತಿತು.

ಆಗ ಯಾರಾದರೂ ಸುಮ್ಮನಿರಬೇಕಲ್ಲವೇ? ನಾನು ಸುಮ್ಮನಿರಲಿಲ್ಲ.

"ಅಜ್ಜಿ, ಪತ್ರಿಕೆ ನಾನೇ ಮಾಡ್ತೀನಿ. ಅರಿಶಿನ ಒಂದು ಚೂರೂ ಹರಡೋದಿಲ್ಲ, ನೋಡ್ತಿರಿ" ಅಂದುಬಿಟ್ಟೆ.

ಮನೆಗೆ ಬಂದ ಮೇಲೆ ಶುರುವಾಯಿತು ಇನ್ನೊಂದು ರಾಮಾಯಣ. ಪತ್ರಿಕೆಯ ಕೊನೆಯಲ್ಲಿ ‘ತಮ್ಮ ಸುಖಾಗಮನ ಬಯಸುವವರು’ ಅಂತ ಹಾಕುತ್ತೇವಲ್ಲ, ಅಲ್ಲಿ ಯಾರ ಹೆಸರು, ಯಾರ ಮೇಲೆ, ಯಾರ ಕೆಳಗೆ ಅಂತ. ಮಾವನವರು ತೀರಿಕೊಂಡ ಮೇಲೆ ಮನೆಗೆ ಹಿರಿಯರು ಅಂದರೆ ಅವರ ಅಣ್ಣ, ನಮ್ಮ ದೊಡ್ಡ ಮಾವ. ಹಿಂದೊಂದು ಮದುವೆಯಲ್ಲಿ ಅವರ ಹೆಸರು ಯಾರದೋ ಹೆಸರಿನ ಕೆಳಗೆ ಬಂದಿತ್ತು ಅಂತ ಊಟ ಮಾಡದೆ ಎದ್ದುಬಂದವರು. ಅವರು ಬಾಗಿಲಲ್ಲೇ ನಿಂತು, "ಪತ್ರಿಕೆ ನೀ ಹೆಂಗರ ಮಾಡವ್ವ, ಹೊಳೀಲಿ, ಕುಣೀಲಿ. ನನ್ನ ಹೆಸರು ಮಾತ್ರ ಮೊದಲ್ನೇದು ಇರ್ಲಿ" ಅಂದರು.

ನಾದಿನಿ ನನ್ನನ್ನು ಒಳಗೆ ಎಳೆದುಕೊಂಡು ಹೋಗಿ, "ಅತ್ತಿಗೆ, ಅರಿಶಿನ ಹರಡದಂಗೆ ಹೆಂಗ್ ಮಾಡ್ತೀರಿ?" ಅಂತ ಕೇಳಿದಳು.

"ನನಗೇನು ಗೊತ್ತು?" ಅಂದೆ.

ಅವಳ ಮುಖ ನೋಡಿದ ಮೇಲೆ ನನಗೂ ಗಾಬರಿ ಹತ್ತಿತು.

ಪಾರ್ಸೆಲ್ಲಿನೊಳಗಿನ ಜಡೆ

ದಾರಿ ಸಿಕ್ಕಿದ್ದು ಮೊಬೈಲಿನಲ್ಲಿ. ಬಿಸಿ ತಾಗಿದರೆ ಒಂದಕ್ಕೊಂದು ಅಂಟಿಕೊಳ್ಳುವ ಮಿಂಚಿನ ಎಳೆಗಳು ಅಂತ ಬರುತ್ತವೆ. ನೋಡಲು ಥೇಟ್ ಕೂದಲು. ಒಂದು ಹಿಡಿ ಎಳೆಯನ್ನು ಕೆದರಿ ಬಟರ್ ಪೇಪರಿನ ನಡುವೆ ಹರವಿ ಮೇಲೆ ಹದವಾಗಿ ಇಸ್ತ್ರಿ ಎಳೆದರೆ ಎಲ್ಲ ಒಂದಾಗಿ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಹೊಳೆಯುವ ಹಾಳೆಯಾಗುತ್ತದೆ. ಅದನ್ನು ಬೇಕಾದ ಆಕಾರಕ್ಕೆ ಕತ್ತರಿಸಿ ಕಾರ್ಡಿಗೆ ಅಂಟಿಸಬಹುದು. ಅದಕ್ಕೆ ನೀರು ಇಳಿಯುವುದಿಲ್ಲ. ಪತ್ರಿಕೆಯ ನಾಲ್ಕು ಮೂಲೆಗೂ ಇದನ್ನೇ ಅಂಟಿಸಿಬಿಟ್ಟರೆ ಅರಿಶಿನ ಹರಡುವ ಮಾತೇ ಇಲ್ಲ! ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡು ಬಂಗಾರದ ಬಣ್ಣದ್ದೊಂದು, ಗುಲಾಬಿ ಬಣ್ಣದ್ದೊಂದು ತರಿಸಿದೆ.

ಪಾರ್ಸೆಲ್ ಬಂದಾಗ ನಾನು ಮನೆಯಲ್ಲಿರಲಿಲ್ಲ. ವಾಪಸ್ಸು ಬಂದು ನೋಡುತ್ತೇನೆ, ಅತ್ತೆ ಅಂಗಳದಲ್ಲಿ ನಿಂತಿದ್ದಾರೆ, ಒಳಗೆ ಹೋಗಲು ತಯಾರಿಲ್ಲ. ಹಣೆಯ ತುಂಬ ವಿಭೂತಿ. ಕೈಯಲ್ಲಿ ಪೊರಕೆ. ಹೊಸ್ತಿಲ ಮೇಲೆ ಒಡೆದ ಪಾರ್ಸೆಲ್ಲು, ಅದರ ಸುತ್ತ ಉಪ್ಪು, ಮೇಲೊಂದು ನಿಂಬೆಹಣ್ಣು.

"ಒಳಗ ಕಾಲಿಡಬ್ಯಾಡ. ಯಾರೋ ಹೆಂಗಸಿನ ಜಡಿ ಕತ್ತರಿಸಿ ಕಳಿಸ್ಯಾರ. ಅದೂ ಬಂಗಾರದ ಬಣ್ಣದ್ದು. ಮದುವಿ ಮನಿಗೆ ಮಾಟ ಮಾಡ್ಸ್ಯಾರವ್ವ!"

"ಅತ್ತೆ, ಅದು ಮಾಟ ಅಲ್ಲ. ನಾನೇ ತರಿಸಿದ್ದು."

"ನೀನಾ?"

"ಹೂಂ. ದುಡ್ಡು ಕೊಟ್ಟು ತರಿಸಿದ್ದೀನಿ."

ಪೊರಕೆ ಕೈಯಿಂದ ಜಾರಿ ಬಿತ್ತು. ಅತ್ತೆ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಆಗದೋರು ನಮ್ಮ ಮ್ಯಾಲೆ ಮಾಟ ಮಾಡ್ಸೋದು ಕೇಳೀನಿ. ನಮಗ ನಾವೇ ರೊಕ್ಕ ಕೊಟ್ಟು ಮಾಟ ತರ್ಸ್ಕೊಳ್ಳೋದು ಈ ಊರಾಗ ಇದೇ ಮೊದಲು" ಅಂದರು.

ರೊಟ್ಟಿಗೆ ಬಂದ ಹೊಳಪು

ಮಾಟ ಅಲ್ಲ ಅಂತ ಗೊತ್ತಾದ ಮೇಲೆ ಅತ್ತೆಯಷ್ಟು ಉತ್ಸಾಹ ಯಾರಿಗೂ ಇರಲಿಲ್ಲ. ಹೊಳೆಯುವ ವಸ್ತು ಅಂದರೆ ಅವರಿಗೆ ಮೊದಲಿಂದಲೂ ಪ್ರೀತಿ. ನನ್ನ ಪಕ್ಕದಲ್ಲೇ ಕೂತು ಎಳೆ ಕೆದರಿಕೊಟ್ಟರು. ಕರ್ಜಿಕಾಯಿ ಅಂಚು ಕತ್ತರಿಸುವ ತಮ್ಮ ಹಿತ್ತಾಳೆ ಚಕ್ರ ತಂದು, "ಇದ್ರಾಗ ಕತ್ತರಿಸು, ಅಂಚು ಸೀರಿ ಸೆರಗಿನಂಗ ಬರ್ತೈತಿ" ಅಂದರು. ಬಂದೇಬಂತು, ಎಷ್ಟು ಚಂದ ಅಂತೀರಿ!

ಆದರೆ ನಮ್ಮೂರಿನ ಕರೆಂಟು ಯಾರ ಮದುವೆಗೂ ಕಾಯುವುದಿಲ್ಲ. ಇಸ್ತ್ರಿ ಪೆಟ್ಟಿಗೆ ಕಾಯುವಷ್ಟರಲ್ಲಿ ಹೋಗುತ್ತಿತ್ತು. ಬಂದಾಗ ಬಂತಲ್ಲ ಅಂತ ನಾನು ಅವಸರ ಮಾಡಿದರೆ ಬಿಸಿ ಹೆಚ್ಚಾಗಿ ಎಳೆಯ ಹೊಳಪೆಲ್ಲ ಸತ್ತು ಕೆರೆಯ ಕೆಸರಿನ ಬಣ್ಣಕ್ಕೆ ತಿರುಗುತ್ತಿತ್ತು. ಹೀಗೆ ಒಂದಿಷ್ಟು ಹಾಳಾದ ಮೇಲೆ ಅತ್ತೆಗೊಂದು ಉಪಾಯ ಹೊಳೆಯಿತು.

"ನಮ್ಮ ಕಾಲದಾಗ ತಂಬಿಗಿಯೊಳಗ ಕೆಂಡ ಹಾಕಿ ಅಂಗಿ ತಿಕ್ತಿದ್ವಿ. ಕರೆಂಟು ಯಾಕ ಬೇಕು? ಹಂಚು ಐತಲ್ಲ."

ರೊಟ್ಟಿ ಬೇಯಿಸುವ ಹಂಚನ್ನು ಒಲೆಯ ಮೇಲಿಟ್ಟು, ಅದು ಬೆಚ್ಚಗಾದ ಮೇಲೆ ಬಟರ್ ಪೇಪರು ಹಾಸಿ, ಎಳೆ ಹರವಿ, ಇನ್ನೊಂದು ಪೇಪರು ಮುಚ್ಚಿ, ಮೇಲೆ ಬಿಸಿನೀರು ತುಂಬಿದ ತಂಬಿಗೆ ಒತ್ತಿದೆವು. ಹಾಳೆ ಒಂದೇ ಏಟಿಗೆ ಬಂತು. ಅತ್ತೆ-ಸೊಸೆ ಇಬ್ಬರೂ ಗೆದ್ದವರಂತೆ ಚಹಾ ಕುಡಿದೆವು. ಪೇಪರಿನ ಅಂಚಿನಿಂದ ಒಂದಿಷ್ಟು ಗುಲಾಬಿ ಎಳೆ ಹೊರಗೆ ಜಾರಿ ಹಂಚಿಗೇ ಹತ್ತಿಕೊಂಡಿದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಮರುದಿನ ಯಜಮಾನರು ಅಂಗಡಿಗೆ ಹೊರಡುವ ಅವಸರದಲ್ಲಿ ತಟ್ಟೆಯ ಮುಂದೆ ಕೂತರು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ. ರೊಟ್ಟಿಗೆ ಕೈ ಹಾಕಿದವರು ಅಲ್ಲೇ ನಿಂತರು. ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ರೊಟ್ಟಿ ಗುಲಾಬಿ ಬಣ್ಣದಲ್ಲಿ ಝಗಝಗ ಅಂತಿತ್ತು.

ಪುಣ್ಯಕ್ಕೆ ಇನ್ನೂ ಬಾಯಿಗೆ ಹಾಕಿರಲಿಲ್ಲ. ಅತ್ತೆ ಓಡಿಬಂದು ಕಸಿದುಕೊಂಡು, "ಅದು ಪತ್ರಿಕಿಗೆ ಹಾಕೋದಪ್ಪ, ತಿನ್ನೋದಲ್ಲ" ಅಂದರು.

ಯಜಮಾನರು ಹೊಳೆಯುವ ರೊಟ್ಟಿ ನೋಡಿದರು, ಹೊಳೆಯುವ ಹಂಚು ನೋಡಿದರು, ಗಲ್ಲಕ್ಕೆ ಎಳೆ ಅಂಟಿಸಿಕೊಂಡು ನಿಂತಿದ್ದ ತಾಯಿಯನ್ನು ನೋಡಿದರು. ನಿಧಾನವಾಗಿ ಎದ್ದು ಕೈ ತೊಳೆದುಕೊಂಡು ಹೇಳಿದರು: "ಈ ಮನೇಲಿ ನನ್ನೊಬ್ಬನ್ನ ಬಿಟ್ಟು ಎಲ್ಲದಕ್ಕೂ ಹೊಳಪು ಬಂದೈತಿ."

ಕಾಲರಿನ ಮೇಲಿನ ಕೂದಲು

ಹಂಚು ಬಂದ್ ಆಯಿತು. ಹಾಗಾಗಿ ನಮ್ಮ ರಸ್ತೆಯ ತಿರುವಿನಲ್ಲಿ ಇದ್ದಿಲಿನ ಇಸ್ತ್ರಿ ಪೆಟ್ಟಿಗೆ ಇಟ್ಟುಕೊಂಡು ನಿಲ್ಲುವ ಇಸ್ತ್ರಿಯವನ ಹತ್ತಿರ ಹೋದೆ. ಕವರಿನಿಂದ ಎಳೆ ತೆಗೆದದ್ದೇ ತಡ, ಅವನು ಎರಡು ಹೆಜ್ಜೆ ಹಿಂದಕ್ಕೆ ಸರಿದ.

"ಅಮ್ಮಾರೇ, ಇದ್ಯಾರ ಜುಟ್ಟು?"

ವಿಷಯ ತಿಳಿಸಿದ ಮೇಲೆ ಧೈರ್ಯ ಮಾಡಿದ. ಕೆಂಡ ಆರುತ್ತಾ ಬಂದ ಪೆಟ್ಟಿಗೆಯನ್ನು ಪೇಪರಿನ ಮೇಲೆ ಹಗುರಕ್ಕೆ ಎಳೆದ. ಗುಲಾಬಿ ಹಾಳೆಗಳು ಒಂದರ ಹಿಂದೊಂದು ಚೆನ್ನಾಗಿ ಬಂದವು. ಇವು ಕಾರ್ಡಿನ ನಡುವಿನ ಕಮಲದ ಹೂವಿಗೆ. ಮೂಲೆಗೆ ಬೇಕಾದ ಬಂಗಾರದ ಎಳೆಯನ್ನು ಕೊನೆಗೆ ಅಂತ ಹಾಗೇ ಇಟ್ಟುಕೊಂಡಿದ್ದೆ.

ಕಾರ್ಡಿನ ಕೆಲಸ ಚೆಂದಾಗಿ ನಡೆಯಿತು. ಆದರೆ ಆ ಎಳೆಗೆ ಒಂದು ದುರ್ಗುಣ. ಗಾಳಿ ಬಂದರೆ ಹಾರುತ್ತದೆ, ಹಾರಿದರೆ ಬಟ್ಟೆಯ ಮೇಲೆ ಕೂರುತ್ತದೆ. ಇಸ್ತ್ರಿಯವನ ಮೇಜಿನ ಮೇಲೆ ಇಡೀ ಬೀದಿಯ ಗಂಡಸರ ಅಂಗಿಗಳು ರಾಶಿ ಬಿದ್ದಿರುತ್ತವೆ ಅನ್ನುವುದು ನನ್ನ ತಲೆಗೆ ಬರಲೇ ಇಲ್ಲ.

ಇನ್ನೊಂದು ದಿನ ಎಳೆ ತೆಗೆದುಕೊಂಡು ಹೋಗುತ್ತೇನೆ, ಇಸ್ತ್ರಿ ಮೇಜಿನ ಮುಂದೆ ಹೆಂಗಸರ ಗುಂಪು. ಬ್ಯಾಂಕಿನವರ ಹೆಂಡತಿ ಮುಂದೆ ನಿಂತಿದ್ದಾರೆ, ಎರಡು ಬೆರಳ ನಡುವೆ ಉದ್ದನೆಯ ಗುಲಾಬಿ ಎಳೆ.

"ನಮ್ಮನೆಯೋರ ಕಾಲರ್ ಮೇಲೆ ಇತ್ತಿದು. ನಿಂಗೆ ಗೊತ್ತಿರ್ತೈತಿ, ಹೇಳು, ಈ ಊರಾಗ ಈ ಬಣ್ಣದ ಕೂದ್ಲು ಯಾರಿಗೈತಿ?"

"ನಮ್ಮನೆಯೋರ ಜೇಬಿನ ಹತ್ರ ಇತ್ತು" ಅಂದರು ಕಿರಾಣಿ ಅಂಗಡಿಯವರ ಹೆಂಡತಿ.

"ಒಬ್ಳೇನಾ ಅವಳು?" ಅಂತ ಮತ್ತೊಬ್ಬರು ಬೆಚ್ಚಿಬಿದ್ದು ಕೇಳಿದರು.

ಇಸ್ತ್ರಿಯವನಿಗೆ ಬೆವರು ಇಳಿಯುತ್ತಿತ್ತು. ನನ್ನನ್ನು ಕಂಡದ್ದೇ ಕೈ ಚಾಚಿ, "ಇವರದ್ದೇ ರೀ!" ಅಂದುಬಿಟ್ಟ. ಅಯ್ಯೋ ದೇವರೇ! ಅಷ್ಟೂ ಹೆಂಗಸರು ಒಟ್ಟಿಗೆ ತಿರುಗಿ ನನ್ನ ತಲೆ ನೋಡಿದರು. ನನ್ನ ಕರಿ ಜಡೆ ಹಿಡಿದು ತೋರಿಸಬೇಕೋ, ಕವರು ಬಿಚ್ಚಿ ತೋರಿಸಬೇಕೋ ಗೊತ್ತಾಗದೆ ಎರಡನ್ನೂ ತೋರಿಸಿದೆ. ಎಳೆ ಹರವಿ, ಇಸ್ತ್ರಿ ಎಳೆಸಿ, ಹಾಳೆ ಮಾಡಿ, ಮೊದಲಿಂದ ಕೊನೆಯವರೆಗೆ ಎಲ್ಲ ವಿವರಿಸಿದೆ. ಮುಖಗಳು ಒಂದೊಂದಾಗಿ ಸಡಿಲವಾದವು. ಗಂಡಂದಿರೆಲ್ಲ ಆ ಕ್ಷಣವೇ ಸಾಚಾ ಆದರು.

ಎಲ್ಲರೂ ಹೋದ ಮೇಲೂ ರಿಟೈರ್ಡ್ ಮೇಷ್ಟ್ರ ಹೆಂಡತಿ ಮಾತ್ರ ಹೋಗಲಿಲ್ಲ. ವಯಸ್ಸಾದವರು, ಮಾತು ಕಡಿಮೆ. ಗಂಡನ ಬಿಳಿ ಅಂಗಿಯನ್ನು ಹಿಂದೆ-ಮುಂದೆ ತಿರುಗಿಸಿ ನೋಡುತ್ತಿದ್ದರು.

"ನಮ್ಮನೆಯೋರ ಅಂಗೀನೂ ನಿನ್ನ ಹತ್ರನೇ ಕೊಡೋದು. ಇದ್ರ ಮೇಲೆ ಒಂದೂ ಇಲ್ಲ" ಅಂದರು.

"ಇಲ್ಲ ಅಮ್ಮ, ನಿಮ್ದು ಕ್ಲೀನಾಗೈತಿ" ಅಂದ ಇಸ್ತ್ರಿಯವನು ಹೆಮ್ಮೆಯಿಂದ.

"ಒಂದೆಳೆ ಹಾಕ್ಕೊಡು. ಇಷ್ಟು ವರ್ಷಕ್ಕೆ ನಾನೂ ಒಂದಿನ ಅವ್ರನ್ನ ಕೇಳ್ಬೇಕು."

ಟಗರಿಗೆ ಬಂದ ದೇವರು

ಸೊರಬಕ್ಕೆ ಹೋಗಲು ಸೋಮವಾರ ಗೊತ್ತಾಯಿತು. ಕಾರ್ಡು ಸಿದ್ಧ, ಒಳಗೆ ನನ್ನ ಕೈಬರಹ ಸಿದ್ಧ, ದೊಡ್ಡ ಮಾವನ ಹೆಸರು ಎಲ್ಲಕ್ಕಿಂತ ಮೇಲೆ. ಬಾಕಿ ಇದ್ದದ್ದು ಬಂಗಾರದ ಮೂಲೆಗಳು ಮಾತ್ರ. ಶನಿವಾರ ಬೆಳಿಗ್ಗೆ ಎಳೆಯನ್ನು ಕವರಿನಿಂದ ತೆಗೆದು ಹಳೇ ಪೇಪರಿನ ಮೇಲೆ ಕೆದರಿ ಇಟ್ಟು ಸ್ನಾನಕ್ಕೆ ಹೋದೆ.

ಬಂದು ನೋಡಿದರೆ ಪೇಪರು ಇದೆ, ಎಳೆ ಇಲ್ಲ.

"ಅತ್ತೆ, ಇಲ್ಲಿದ್ದ ಎಳೆ?"

"ಕಸ ಹೊಡದೆ" ಅಂದರು ಅತ್ತೆ. "ಚೂರುಪಾರು ಬಿದ್ದಿತ್ತಲ್ಲ, ಹಿಂದ್ಲ ಕಾಂಪೌಂಡಿನಾಚೆ ಕೊಡವಿದೆ."

ಚೂರುಪಾರು ಅಲ್ಲ, ಇದ್ದದ್ದೇ ಅಷ್ಟು. ನನಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಹೊಸದು ತರಿಸಿದರೆ ಸೋಮವಾರದೊಳಗೆ ಬರುವುದಿಲ್ಲ. ಬರಿ ಕಾಗದದ ಮೂಲೆ ತೆಗೆದುಕೊಂಡು ಹೋದರೆ ಅರಿಶಿನ ಹರಡುತ್ತದೆ, ಅಜ್ಜಿ ಮದುವೆಯನ್ನು ಮುಂದಿನ ವರ್ಷಕ್ಕೆ ತಳ್ಳುತ್ತಾರೆ. ನಾದಿನಿಯ ಕಣ್ಣಲ್ಲಿ ಆಗಲೇ ನೀರಿತ್ತು. ಇಬ್ಬರೂ ಹಿತ್ತಿಲಿಗೆ ಓಡಿದೆವು.

ನಮ್ಮ ಮನೆ ಅಂಜನಾಪುರದ ಕಡೆ ಹೋಗುವ ರಸ್ತೆಯ ಅಂಚಿಗಿದೆ. ಹಿಂದೆ ಗದ್ದೆ. ಕೊಯ್ಲಾದ ಮೇಲೆ ಗೊಬ್ಬರಕ್ಕಾಗಿ ಗದ್ದೆಯಲ್ಲಿ ಕುರಿ ಮಂದೆ ನಿಲ್ಲಿಸುತ್ತಾರೆ, ಆಗಲೂ ಒಂದು ಮಂದೆ ಇತ್ತು. ಕಾಂಪೌಂಡಿನ ಮೇಲಿಂದ ಇಣುಕಿದೆವು. ಕುರಿಗಳೆಲ್ಲ ಒಂದು ಕಡೆ ಸರಿದು ನಿಂತಿದ್ದವು. ನಡುವೆ ಒಂದೇ ಒಂದು ಕರಿ ಟಗರು, ಎಳೇ ಬಿಸಿಲಲ್ಲಿ ಕೊಂಬಿನಿಂದ ಬಾಲದವರೆಗೆ ಬಂಗಾರದಂತೆ ಹೊಳೆಯುತ್ತಿತ್ತು. ಅದರ ಮುಂದೆ ಕುರಿಗಾರ ಕಂಬಳಿ ಕೆಳಗೆ ಹಾಕಿ, ಕೈ ಮುಗಿದು ನಿಂತಿದ್ದ.

ನಮ್ಮನ್ನು ನೋಡಿ, "ಅವ್ವಾರ, ಸದ್ದು ಮಾಡಬ್ಯಾಡ್ರಿ. ನನ್ನ ಟಗರಿಗೆ ದೇವ್ರು ಬಂದೈತಿ!" ಅಂದ.

ಏನು ಹೇಳಲಿ? ಒಬ್ಬ ಮನುಷ್ಯನ ಕಣ್ಣ ಮುಂದಿನ ದೇವರನ್ನು ಇಳಿಸುವುದು ಸಣ್ಣ ಕೆಲಸವೇ? ನಾದಿನಿಯೇ ಧೈರ್ಯ ಮಾಡಿ, "ದೇವ್ರಲ್ಲಪ್ಪ. ನನ್ನ ಮದುವೆ ಪತ್ರಿಕೆ" ಅಂದಳು.

ಅವನು ಟಗರು ನೋಡಿದ, ಅವಳನ್ನು ನೋಡಿದ. "ಟಗರಿನ ಮ್ಯಾಲೆ ಬರಿಸ್ತಾರೇನ್ರಿ ಈಗ?"

ಎಲ್ಲ ಬಿಡಿಸಿ ಹೇಳಿದೆ. ಅವನ ಮುಖ ಸಣ್ಣದಾಯಿತು. ಆದರೂ ಕೊಡಲು ಮನಸ್ಸಿಲ್ಲ. "ಹಿಂಗಽ ಇರ್ಲಿ ಬಿಡ್ರಿ. ಮಂಗಳವಾರ ಸಂತೀಗೆ ಹೊಡ್ಕೊಂಡು ಹೋದ್ರ ಜನ ಮುಗಿಬೀಳ್ತಾರ" ಅಂದ. ಕೊನೆಗೆ ನಾದಿನಿಯ ಕಣ್ಣು ನೋಡಿ ಕರಗಿದ. "ಮದುವಿಗೆ ಕರೀಬೇಕು ಮತ್ತ. ನನ್ನೂ, ಇದನ್ನೂ" ಅಂತ ಹೇಳಿ ಕೊಂಬು ಹಿಡಿದು ನಿಂತ.

ಟಗರಿನ ಮೈಯಿಂದ ಎಳೆ ಆರಿಸುವ ಕೆಲಸ ಯಾರ ಶತ್ರುವಿಗೂ ಬೇಡ. ಬಂಗಾರದ ಒಂದು ಎಳೆ ಹಿಡಿದರೆ ಜೊತೆಗೆ ಉಣ್ಣೆಯೂ ಬರುತ್ತದೆ. ಟಗರು ಗುಟುರು ಹಾಕುತ್ತದೆ. ಅಷ್ಟರಲ್ಲಿ ನಾದಿನಿಯ ಫೋನು ಹೊಡೆದುಕೊಂಡಿತು, ಸೊರಬದ ಹುಡುಗ.

"ಪತ್ರಿಕೆ ಆಯ್ತಾ ಅಂತ ಕೇಳ್ತಿದಾರೆ ಅತ್ತಿಗೆ. ಏನ್ ಹೇಳ್ಲಿ?"

"ಆಗ್ತಾ ಇದೆ ಅನ್ನು."

"ಹಿಂದೆ ಅದೇನು ಸದ್ದು ಅಂತಿದಾರೆ."

"ಪ್ರೆಸ್ಸು ಅನ್ನು" ಅಂದೆ.

ಸೊರಬದ ದೇವರ ಕೋಣೆ

ಆರಿಸಿದ ಎಳೆಯನ್ನು ತೊಳೆದು, ಒಣಗಿಸಿ, ಇಸ್ತ್ರಿಯವನ ಹತ್ತಿರ ಹಾಳೆ ಮಾಡಿಸಿದ್ದಾಯಿತು. ಮೂರು ಮೂಲೆಗೆ ಚೊಕ್ಕ ಬಂಗಾರದ ಹಾಳೆ ಸಿಕ್ಕಿತು. ನಾಲ್ಕನೆಯದಕ್ಕೆ ಉಳಿದದ್ದು ಉಣ್ಣೆ ಸಿಕ್ಕಿಕೊಂಡ ತುಂಡು. ಎಷ್ಟು ಕಿತ್ತರೂ ಬರಲಿಲ್ಲ, ಅಂಟಿಕೊಂಡುಬಿಟ್ಟಿತ್ತು. ವಿಧಿಯಿಲ್ಲದೆ ಅದನ್ನೇ ಕರ್ಜಿಕಾಯಿ ಚಕ್ರದಲ್ಲಿ ಕತ್ತರಿಸಿ ಅಂಟಿಸಿದೆ. ಒಮ್ಮೆ ಅರಿಶಿನ ಹಚ್ಚಿ ನೋಡೋಣ ಅಂದರೆ ಅತ್ತೆ ಬಿಡಲಿಲ್ಲ. "ಮದುವಿ ಅರಿಶಿಣ ಆಟ ಅಲ್ಲ. ಮೊದಲ ಅರಿಶಿಣ ಆ ಅಜ್ಜಿ ಕೈಲೇ ಬೀಳ್ಬೇಕು" ಅಂದರು.

ಸೋಮವಾರ ಅತ್ತೆ, ದೊಡ್ಡ ಮಾವ, ಯಜಮಾನರು, ನಾನು ಸೊರಬಕ್ಕೆ ಹೋದೆವು. ಕಾಲು ತೊಳೆಯಲು ನೀರು, ಕುಡಿಯಲು ಪಾನಕ, ಎಲ್ಲ ಮರ್ಯಾದೆಯಾಯಿತು. ಅಜ್ಜಿ ಕಾರ್ಡು ಕೈಗೆ ತೆಗೆದುಕೊಂಡು ದೀಪದ ಮುಂದೆ ಹಿಡಿದರು. ಗುಲಾಬಿ ಕಮಲ, ಬಂಗಾರದ ಮೂಲೆ, ದೇವರ ಕೋಣೆಯ ಗೋಡೆಯ ಮೇಲೆಲ್ಲ ಬೆಳಕು ಕುಣಿಯಿತು.

"ಎಂತ ಚಂದ ಮಾಡಿದೀಯೆ ಮಾರಾಯ್ತಿ!" ಅಂದರು. ನಾನು ಸೆರಗು ಸರಿಮಾಡಿಕೊಂಡೆ.

ಅಜ್ಜಿ ಕಾರ್ಡನ್ನು ದೇವರ ಮುಂದೆ ಓರೆಯಾಗಿ ನಿಲ್ಲಿಸಿ, ಒದ್ದೆ ಅರಿಶಿನಕ್ಕೆ ಬೆರಳು ಅದ್ದಿ, ಮೊದಲ ಮೂಲೆಗೆ ಹಚ್ಚಿದರು. ಅರಿಶಿನ ನಿಲ್ಲಲಿಲ್ಲ. ಹನಿಯಾಗಿ ಸರ್ರನೆ ಜಾರಿ ಕೆಳಗೆ ಬಿತ್ತು. ಎರಡನೆಯ ಮೂಲೆಗೆ ಹಚ್ಚಿದರು. ಅದೂ ಜಾರಿತು.

ಆಗ ಹೊಳೆಯಿತು ನನಗೆ. ನೀರು ಇಳಿಯದ ಹಾಳೆ, ಹಾಗಾಗಿ ಅರಿಶಿನ ಹರಡುವುದಿಲ್ಲ ಅಂತ ಲೆಕ್ಕ ಹಾಕಿದ್ದೆನೇ ಹೊರತು, ನೀರೇ ಇಳಿಯದಿದ್ದರೆ ಅರಿಶಿನ ನಿಲ್ಲುವುದಾದರೂ ಎಲ್ಲಿ ಅಂತ ಯೋಚಿಸಿಯೇ ಇರಲಿಲ್ಲ! ಹರಡಿದ್ದಕ್ಕೇ ಮದುವೆ ಒಂದು ವರ್ಷ ಮುಂದೆ ಹೋಗಿತ್ತು. ಜಾರಿ ಬಿದ್ದರೆ? ಅತ್ತೆ ನನ್ನ ಮುಂಗೈಯನ್ನು ಎಷ್ಟು ಗಟ್ಟಿ ಹಿಡಿದರೆಂದರೆ ಬಳೆ ಒಳಕ್ಕೆ ಒತ್ತಿತು. ಮನೆಯಲ್ಲಿ ಫೋನು ಕೈಯಲ್ಲಿ ಹಿಡಿದು ಕೂತ ನಾದಿನಿಯ ಮುಖ ಕಣ್ಣ ಮುಂದೆ ಬಂತು.

ಮೂರನೆಯ ಮೂಲೆ. ಜಾರಿತು.

"ಇದೆಂತದಿದು, ನಿಲ್ಲೋದೇ ಇಲ್ಲಲ್ಲ" ಅಂದರು ಅಜ್ಜಿ. ನಾಲ್ಕನೆಯ ಮೂಲೆಗೆ ಹಚ್ಚಿದರು.

ನಿಂತಿತು. ಹಚ್ಚಿದಲ್ಲಿ ಹಚ್ಚಿದಂತೆ, ತಾಳಿಯ ಬೊಟ್ಟಿನಷ್ಟು ಗುಂಡಗೆ ನಿಂತಿತು.

ಅಜ್ಜಿ ಕಾರ್ಡನ್ನು ಕಣ್ಣಿನ ಹತ್ತಿರ ತಂದರು. ಉಗುರಿನಿಂದ ಆ ಮೂಲೆಯನ್ನು ಕೆರೆದರು. ಒಂದು ಕರಿ ಎಳೆ ಎದ್ದು ಬಂತು. ಮುಗಿಯಿತು, ಇನ್ನು ಕೂದಲು ಸಿಕ್ಕಿತು ಅಂತ ಎಬ್ಬಿಸಿ ಕಳಿಸುತ್ತಾರೆ ಅಂತ ನಾನು ಕಣ್ಣು ಮುಚ್ಚಿದೆ.

"ಕುರಿ ಉಣ್ಣೆ!" ಅಂದರು ಅಜ್ಜಿ.

ಯಜಮಾನರು ನಿಜ ಹೇಳುವ ಮನುಷ್ಯ. "ಅದು ಏನಾಯ್ತು ಅಂದ್ರೆ ಅಜ್ಜಿ, ಒಂದು ಟಗರು..." ಅಂತ ಶುರುಮಾಡಿದರು. ಅತ್ತೆ ಅವರ ಕಾಲು ತುಳಿದರು.

ಅಜ್ಜಿಯ ಕಣ್ಣಲ್ಲಿ ನೀರು. "ನಮ್ಮ ಕಾಲ್ದಲ್ಲಿ ಮದುವೆ ಕಂಕಣ ಅಂದ್ರೆ ಉಣ್ಣೆ ದಾರದ್ದೇ. ಈಗ ಎಲ್ಲಾ ಅಂಗಡಿ ದಾರ. ನಾನೂ ಹೇಳಿ ಹೇಳಿ ಸುಮ್ನಾದೆ. ನೋಡಿ, ಹೊಳೆಯೋದ್ರ ಮೇಲೆ ಅರಿಶಿನ ನಿಲ್ಲಲಿಲ್ಲ, ಉಣ್ಣೆ ಇದ್ದಲ್ಲಿ ನಿಲ್ತು. ಈ ಕಾಲದಲ್ಲೂ ಪತ್ರಿಕೆಗೆ ಉಣ್ಣೆ ಇಡೋಕೆ ಗೊತ್ತಿರೋ ಮನೆ ಇದೆಯಲ್ಲ! ಒಪ್ಪಿದೆ" ಅಂದರು.

ನಾನು ಕಂಬಕ್ಕೆ ಒರಗಿದೆ.

"ಉಳಿದ ಪತ್ರಿಕೆಗೂ ಉಣ್ಣೆ ಇಡ್ತೀರಲ್ಲ?" ಅಂತ ಅಜ್ಜಿ ಕೇಳಿದರು. "ಕಡೇ ಪಕ್ಷ ಹಿರಿಯರಿಗೆ ಕೊಡೋದಕ್ಕೆ, ನಾಲ್ಕೂ ಮೂಲೆಗೆ?"

"ಇಡದ ಬಿಡ್ತೀವೇನ್ರಿ!" ಅಂದರು ಅತ್ತೆ, ಒಂದು ರೆಪ್ಪೆಯೂ ಬಡಿಯದೆ. "ಅದಕ್ಕಂತ್ಲೇ ಒಂದು ಟಗರು ಗೊತ್ತು ಮಾಡೀವಿ."

ಹೊರಗೆ ಬಂದದ್ದೇ ನಾದಿನಿಗೆ ಫೋನು ಮಾಡಿದೆ. "ಅರಿಶಿನ ನಿಂತಿತು ಕಣೇ!"

"ನಿಂತಿತಾ? ಯಾವುದರ ಮೇಲೆ?"

"ಟಗರಿನ ಮೇಲೆ."

ಅವಳು ಅತ್ತಳೋ ನಕ್ಕಳೋ ತಿಳಿಯಲಿಲ್ಲ, ಎರಡೂ ಸೇರಿದ ಸದ್ದು ಕೇಳಿಸಿತು.

ಮನೆಗೆ ಬಂದು ನೋಡಿದರೆ ಹಿಂದಿನ ಗದ್ದೆ ಖಾಲಿ. ಮಂದೆ ಎದ್ದು ಈಸೂರಿನ ಕಡೆ ಹೋಗಿತ್ತು. ಗದ್ದೆಯವರ ಹತ್ತಿರ ಕುರಿಗಾರನ ನಂಬರು ಇಸಿದುಕೊಂಡು ಯಜಮಾನರು ಫೋನು ಹಚ್ಚಿದರು, ಎಲ್ಲರಿಗೂ ಕೇಳಲಿ ಅಂತ ಸ್ಪೀಕರಿಗೆ ಹಾಕಿದರು. ವಿಷಯವನ್ನೆಲ್ಲ ಬಿಡಿಸಿ ಹೇಳಿದರು.

"ಟಗರು ಮಾರಿಲ್ಲ ತಾನೇ?" ಅಂತ ಅತ್ತೆ ಗಾಬರಿಯಿಂದ ಕೂಗಿದರು.

"ಇಲ್ರೀ ಅವ್ವಾರ. ಅವತ್ತಿಂದ ಮಾರಾಕ ಮನಸ್ಸು ಬರವಲ್ದು. ಉಣ್ಣಿ ಎಷ್ಟು ಬೇಕೋ ಅಷ್ಟು ಒಯ್ಯಿರಿ, ರೊಕ್ಕ ಬ್ಯಾಡ. ಆದ್ರ ಒಂದು ಮಾತು. ಪತ್ರಿಕಿ ಕೆಳಗ ಸುಖಾಗಮನ ಬಯಸುವವರು ಅಂತ ಹೆಸರು ಹಾಕ್ತೀರಲ್ರೀ..."

ಯಜಮಾನರಿಗೆ ಎದೆ ತುಂಬಿ ಬಂತು. "ಅದಕ್ಕೇನಪ್ಪ, ನಮ್ಮ ಮರ್ಯಾದೆ ಉಳಿಸಿದೋನು ನೀನು. ಖಂಡಿತ ನಿನ್ನ ಹೆಸರು ಹಾಕಿಸ್ತೀನಿ."

"ನಂದಲ್ರೀ" ಅಂದ ಕುರಿಗಾರ. "ಟಗರಿಂದು."

ಫೋನು ನಡುವಿಟ್ಟುಕೊಂಡು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದೆವು. ಕೊನೆಗೆ ಎಲ್ಲರ ಕಣ್ಣೂ ಮನೆಯ ಹಿರಿಯರಾದ ದೊಡ್ಡ ಮಾವನ ಕಡೆ ತಿರುಗಿದವು. ಅವರು ಕಣ್ಣು ಮುಚ್ಚಿ, ಮೀಸೆ ತೀಡಿ, ತುಂಬ ಹೊತ್ತು ಯೋಚನೆ ಮಾಡಿದರು.

"ಹಾಕ್ರಿ" ಅಂದರು. "ಆದ್ರ ನನ್ನ ಹೆಸರಿನ ಕೆಳಗ."